ಆರೆಂಜ್ (ಪದ)

ಆರೆಂಜ್ ಎಂಬುದು ಇಂಗ್ಲಿಷ್ ಭಾಷೆಯಲ್ಲಿ ಒಂದು ಹಣ್ಣನ್ನು, ಆ ಹಣ್ಣು ಬಿಡುವ ಮರವನ್ನು ಹಾಗೂ ಕೆಂಪು ಮತ್ತು ಹಳದಿಗಳ ನಡುವಿನ ಬಣ್ಣವನ್ನು ಸೂಚಿಸುವ ಪದ. ಇದೇ ಅಕ್ಷರಗಳಲ್ಲಿ ಬರೆಯಲಾಗುವ ಇನ್ನೊಂದು ಆರೆಂಜ್ ಕೂಡ ಇದೆ. ಅದು ದಕ್ಷಿಣ ಫ್ರಾನ್ಸಿನ ಒಂದು ಪಟ್ಟಣದ ಹೆಸರು, ಆ ಪಟ್ಟಣದಿಂದ ಬಿರುದು ಪಡೆದ ಯುರೋಪಿನ ರಾಜಮನೆತನವೊಂದರ ಹೆಸರು. ಹಣ್ಣಿನ ಹೆಸರು ಭಾರತದಿಂದ ಹೊರಟು ಪರ್ಷಿಯಾ ಮತ್ತು ಅರಬ್ ನಾಡುಗಳ ಮೂಲಕ ಯುರೋಪನ್ನು ತಲುಪಿತು; ಪಟ್ಟಣದ ಹೆಸರು ರೋಮನ್ನರಿಗಿಂತಲೂ ಹಿಂದಿನ ಕೆಲ್ಟಿಕ್ ಜನರ ದೇವತೆಯೊಂದರಿಂದ ಬಂದದ್ದು. ಮೂಲದಲ್ಲಿ ಪರಸ್ಪರ ಯಾವ ಸಂಬಂಧವೂ ಇಲ್ಲದ ಈ ಎರಡು ಹೆಸರುಗಳು ಮಧ್ಯಯುಗದ ಫ್ರಾನ್ಸಿನಲ್ಲಿ ಒಂದೇ ರೂಪವನ್ನು ತಾಳಿದವು. ಇಂದು ಐರ್ಲೆಂಡಿನ ಧ್ವಜದಲ್ಲಿಯೂ ನೆದರ್ಲೆಂಡ್ಸ್ ಫುಟ್‌ಬಾಲ್ ತಂಡದ ಅಂಗಿಯ ಮೇಲೆಯೂ ಕಾಣುವ ಬಣ್ಣವು ಈ ಆಕಸ್ಮಿಕ ಕೂಡಿಕೆಯ ಫಲ.

ಹಣ್ಣಿನ ಹೆಸರು: ಭಾರತದ ಮೂಲ

ಇಂಗ್ಲಿಷ್ ಪದದ ಹಿಂದಿನ ಕೊಂಡಿಗಳನ್ನು ಒಂದೊಂದಾಗಿ ಹಿಡಿದು ಹೋದರೆ ಹಳೆಯ ಫ್ರೆಂಚಿನ ‘ಒರೆಂಜ್’, ಅರಬ್ಬಿಯ ‘ನಾರಂಜ್’, ಪರ್ಷಿಯನ್ನಿನ ‘ನಾರಂಗ್’ ಹಾಗೂ ಸಂಸ್ಕೃತದ ‘ನಾರಂಗ’ ಎಂಬ ರೂಪಗಳು ಸಿಗುತ್ತವೆ. ಸಂಸ್ಕೃತದವರೆಗಿನ ಈ ಸರಪಳಿಯ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿಲ್ಲವೆಂದೇ ಹೇಳಬಹುದು. ಸಂಸ್ಕೃತಕ್ಕೆ ಈ ಪದ ದ್ರಾವಿಡ ಭಾಷೆಯೊಂದರಿಂದ ಬಂದಿರಬೇಕೆಂದು ಬಹುತೇಕ ನಿಘಂಟುಗಳು ಹೇಳುತ್ತವೆ, ಆದರೆ ‘ಬಹುಶಃ’ ಎಂಬ ಮಾತನ್ನು ಸೇರಿಸಿಯೇ ಹೇಳುತ್ತವೆ. ತಮಿಳಿನ ‘ನಾರ್ತಂಗಾಯ್’, ಮಲಯಾಳಂನ ‘ನಾರಂಙ’, ತೆಲುಗಿನ ‘ನಾರಿಂಜ’ ಇವು ಈ ವಾದಕ್ಕೆ ಆಧಾರವಾಗಿರುವ ರೂಪಗಳು. ಇವು ಒಂದೇ ಹಣ್ಣಿನ ಹೆಸರುಗಳಲ್ಲವೆಂಬುದನ್ನು ಗಮನಿಸಬೇಕು. ತಮಿಳಿನಲ್ಲಿ ಅದು ಉಪ್ಪಿನಕಾಯಿಗೆ ಒದಗುವ ದೊಡ್ಡ ಹುಳಿಕಾಯಿ. ಮಲಯಾಳಂನಲ್ಲಿ ಸಾಮಾನ್ಯವಾಗಿ ನಿಂಬೆ. ಪದದ ಹಳೆಯ ಅರ್ಥ ‘ಕಿತ್ತಳೆ’ ಎಂದಾಗಿರದೆ, ನಿಂಬೆಯ ಜಾತಿಗೆ ಸೇರಿದ ಕಂಪಿನ ಕಾಯಿ ಎಂಬಷ್ಟೇ ಆಗಿದ್ದಿರಬಹುದು.

‘ಕಂಪು’ ಎಂಬ ಮಾತಿಗೆ ಇಲ್ಲಿ ವಿಶೇಷ ಸ್ಥಾನವಿದೆ. ಪದದ ಮೊದಲ ಭಾಗವನ್ನು ವಾಸನೆಯನ್ನು ಸೂಚಿಸುವ ದ್ರಾವಿಡ ಧಾತುವಿಗೆ ಜೋಡಿಸುವ ವಿವರಣೆಯೊಂದು ಪ್ರಚಲಿತವಾಗಿದೆ. ಕನ್ನಡದ ‘ನರುಗಂಪು’ ಎಂಬಲ್ಲಿನ ‘ನರು’ ಈ ಧಾತುವಿಗೆ ಸೇರಿದ್ದು. ‘ನಾರು’, ‘ನಾತ’ ಎಂಬ ಪದಗಳೂ ಅದೇ ಕುಟುಂಬದವು. ಇಂದಿನ ಕನ್ನಡದಲ್ಲಿ ಇವು ದುರ್ವಾಸನೆಗೆ ಮಾತ್ರ ಮೀಸಲಾಗಿರುವುದರಿಂದ ಸುವಾಸನೆಯ ಹಣ್ಣಿನೊಡನೆ ಅವುಗಳನ್ನು ಜೋಡಿಸಲು ಓದುಗರು ಹಿಂಜರಿಯಬಹುದು. ಅರ್ಥವು ಹೀಗೆ ಕೆಡುಕಿನ ಕಡೆಗೆ ಜಾರುವುದು ಭಾಷೆಗಳಲ್ಲಿ ಅಪರೂಪವೇನಲ್ಲ.

ಸಂಸ್ಕೃತದಲ್ಲಿ ‘ನಾರಂಗ’ದ ಜೊತೆಗೆ ‘ನಾಗರಂಗ’ ಎಂಬ ರೂಪವೂ ಇದೆ. ‘ನಾಗ’ ಎಂದರೆ ಆನೆ ಎಂಬ ಅರ್ಥವೂ ಇರುವುದರಿಂದ, ಕಿತ್ತಳೆಹಣ್ಣನ್ನು ಮಿತಿಮೀರಿ ತಿಂದು ಸತ್ತ ಆನೆಯೊಂದರ ಕಥೆಯನ್ನು ಹೆಣೆದು ಅದೇ ಈ ಪದದ ಮೂಲವೆಂದು ಹೇಳುವ ಇಂಗ್ಲಿಷ್ ಬರಹಗಳಿವೆ. ಇದು ವಿನೋದಕ್ಕೆ ಒದಗುವ ಕಥೆಯೇ ಹೊರತು ವ್ಯುತ್ಪತ್ತಿಯಲ್ಲ.

ಪದದ ತವರಿಗೂ ಹಣ್ಣಿನ ತವರಿಗೂ ವ್ಯತ್ಯಾಸವಿದೆ. ಸಿಟ್ರಸ್ ಕುಲದ ಸಸ್ಯಗಳ ಮೂಲನೆಲೆ ಹಿಮಾಲಯದ ಆಗ್ನೇಯ ತಪ್ಪಲು, ಅಂದರೆ ಅಸ್ಸಾಂ, ಉತ್ತರ ಮ್ಯಾನ್ಮಾರ್ ಮತ್ತು ಚೀನಾದ ಪಶ್ಚಿಮ ಯುನ್ನಾನ್ ಸೇರಿದ ಪ್ರದೇಶವೆಂದು ತಳಿಶಾಸ್ತ್ರದ ಅಧ್ಯಯನಗಳು ತೋರಿಸಿವೆ. ಇಂಗ್ಲಿಷಿನಲ್ಲಿ ಇಂದು ಆರೆಂಜ್ ಎಂದು ಕರೆಯಲಾಗುವ ಹಣ್ಣು ಕಾಡಿನಲ್ಲಿ ಹುಟ್ಟಿದ ಶುದ್ಧ ಜಾತಿಯೂ ಅಲ್ಲ. ಅದು ಚಕ್ಕೋತ ಮತ್ತು ಮ್ಯಾಂಡರಿನ್ ಹಣ್ಣುಗಳ ಬೆರಕೆಯಿಂದ ಬಂದ ತಳಿ.

ಪಶ್ಚಿಮದ ಪಯಣ

ಅರಬ್ಬರು ಮಧ್ಯಯುಗದಲ್ಲಿ ಸಿಸಿಲಿ ಮತ್ತು ಸ್ಪೇನಿಗೆ ಕೊಂಡೊಯ್ದದ್ದು ಕಹಿ ಕಿತ್ತಳೆಯನ್ನು. ಅದರೊಡನೆ ಹೆಸರೂ ಹೋಯಿತು. ಸ್ಪ್ಯಾನಿಷಿನಲ್ಲಿ ಅದು ‘ನರಾಂಹ’, ಪೋರ್ಚುಗೀಸಿನಲ್ಲಿ ‘ಲರಾಂಜ’, ಇಟಾಲಿಯನ್ನಿನಲ್ಲಿ ‘ಅರಾಂಚ’, ಹಂಗೇರಿಯನ್ನಿನಲ್ಲಿ ‘ನರಾಂಚ್’ ಆಯಿತು. ಸ್ಪೇನಿನಲ್ಲಿ ಉಳಿದ ಮೊದಲ ‘ನ’ಕಾರ ಇಟಲಿಯಲ್ಲಿಯೂ ಫ್ರಾನ್ಸಿನಲ್ಲಿಯೂ ಬಿದ್ದುಹೋಯಿತು. ಇದಕ್ಕೆ ಕಾರಣ ಆ ಭಾಷೆಗಳಲ್ಲಿ ನಾಮಪದದ ಹಿಂದೆ ಬರುವ ‘ಒಂದು’ ಎಂಬರ್ಥದ ಪುಟ್ಟ ಪದ. ಇಟಾಲಿಯನ್ನಿನ ‘ಉನ ನರಾಂಚ’ವನ್ನು ಬೇಗಬೇಗ ನುಡಿದಾಗ ‘ಉನ್ ಅರಾಂಚ’ ಎಂದು ಕೇಳಿಸುತ್ತದೆ. ಕಾಲಕ್ರಮದಲ್ಲಿ ಕೇಳಿಸಿದ್ದೇ ರೂಢಿಯಾಯಿತು.

ಫ್ರೆಂಚಿನಲ್ಲಿ ಮೊದಲ ಸ್ವರವೂ ಬದಲಾಗಿ ‘ಅ’ ಇದ್ದಲ್ಲಿ ‘ಒ’ ಬಂದಿತು. ಆ ಭಾಷೆಯಲ್ಲಿ ಚಿನ್ನಕ್ಕೆ ‘ಒರ್’ ಎನ್ನುತ್ತಾರೆ. ಹೊಂಬಣ್ಣದ ಹಣ್ಣಿನ ಹೆಸರಿನಲ್ಲಿ ಜನರು ಚಿನ್ನವನ್ನು ಕೇಳಿಸಿಕೊಂಡಿದ್ದರೆ ಆಶ್ಚರ್ಯವಿಲ್ಲ. ಸಸ್ಯಶಾಸ್ತ್ರದ ಲ್ಯಾಟಿನ್ ಹೆಸರಾದ ‘ಔರಾಂಟಿಯಮ್’ ಎಂಬುದೂ ಚಿನ್ನವನ್ನು ಸೂಚಿಸುವ ‘ಔರುಮ್’ನ ಛಾಯೆಯಲ್ಲಿ ರೂಪುಗೊಂಡದ್ದು. ಮುಂದೆ ವಿವರಿಸಲಾಗುವ ಪಟ್ಟಣದ ಹೆಸರೂ ಈ ಬದಲಾವಣೆಗೆ ನೆರವಾಗಿರಬಹುದೆಂಬ ಅಭಿಪ್ರಾಯವಿದೆ.

ಇಂಗ್ಲಿಷರೇ ‘ಎ ನಾರೆಂಜ್’ ಎಂಬುದನ್ನು ‘ಆ್ಯನ್ ಆರೆಂಜ್’ ಎಂದು ಒಡೆದರೆಂಬ ಹೇಳಿಕೆ ಪಠ್ಯಗಳಲ್ಲಿಯೂ ರಸಪ್ರಶ್ನೆಗಳಲ್ಲಿಯೂ ಮತ್ತೆ ಮತ್ತೆ ಕಾಣಸಿಗುತ್ತದೆ. ಇದು ತಪ್ಪು. ಪದವು ಇಂಗ್ಲೆಂಡಿಗೆ ಬರುವ ಮೊದಲೇ ‘ನ’ಕಾರವನ್ನು ಕಳೆದುಕೊಂಡಿತ್ತು. ಆದರೆ ಅಂಥ ಒಡೆತ ಇಂಗ್ಲಿಷಿನಲ್ಲಿ ನಡೆದೇ ಇಲ್ಲವೆಂದಲ್ಲ: ‘ಏಪ್ರನ್’ ಮೊದಲು ‘ನೇಪ್ರನ್’ ಆಗಿತ್ತು, ಹಾವಿನ ಹೆಸರಾದ ‘ಆ್ಯಡರ್’ ಮೊದಲು ‘ನ್ಯಾಡರ್’ ಆಗಿತ್ತು, ಕ್ರಿಕೆಟ್ ಮೈದಾನದ ‘ಅಂಪೈರ್’ ಕೂಡ ಹಿಂದೆ ‘ನಂಪೈರ್’ ಎಂಬಂಥ ರೂಪದಲ್ಲಿತ್ತು. ‘ನಿಕ್‌ನೇಮ್’ ಎಂಬಲ್ಲಿ ಇದಕ್ಕೆ ವಿರುದ್ಧವಾಗಿ, ಹಿಂದಿನ ಪದದ ‘ನ’ಕಾರ ಮುಂದಿನದಕ್ಕೆ ಅಂಟಿಕೊಂಡಿದೆ.

ಸಿಹಿ ಕಿತ್ತಳೆ ಯುರೋಪಿಗೆ ಬಂದದ್ದು ತಡವಾಗಿ, 15 ಮತ್ತು 16ನೆಯ ಶತಮಾನಗಳಲ್ಲಿ. ಪೋರ್ಚುಗೀಸರ ವ್ಯಾಪಾರದಿಂದ ಅದು ವ್ಯಾಪಕವಾಗಿ ಹರಡಿದ್ದರಿಂದ ಹಲವು ಭಾಷೆಗಳಲ್ಲಿ ಅದಕ್ಕೆ ಪೋರ್ಚುಗಲ್ಲಿನ ಹೆಸರೇ ನಿಂತಿತು. ಗ್ರೀಕಿನ ‘ಪೋರ್ತೊಕಾಲಿ’, ತುರ್ಕಿಯ ‘ಪೋರ್ತಕಾಲ್’, ಅರಬ್ಬಿಯ ‘ಬುರ್ತುಕಾಲ್’ ಇದಕ್ಕೆ ನಿದರ್ಶನಗಳು. ಹೀಗೆ ‘ನಾರಂಜ್’ ಎಂಬ ಪದವನ್ನು ಯುರೋಪಿಗೆ ಕೊಟ್ಟ ಅರಬ್ಬರೇ ಸಿಹಿಹಣ್ಣಿಗೆ ಯುರೋಪಿನ ಹೆಸರನ್ನು ಪಡೆದರು. ಡಚ್ಚರು ಅದನ್ನು ಚೀನಾದ ಸೇಬು ಎಂಬರ್ಥದಲ್ಲಿ ‘ಸಿನಾಸ್‌ಆಪೆಲ್’ ಎನ್ನುತ್ತಾರೆ.

ಇಂಗ್ಲಿಷಿನಲ್ಲಿ

ನಾರ್ಮನ್ನರ ಆಳ್ವಿಕೆಯ ನಂತರ ಇಂಗ್ಲೆಂಡಿನ ಅರಮನೆ ಮತ್ತು ನ್ಯಾಯಾಲಯಗಳ ಭಾಷೆ ಫ್ರೆಂಚ್ ಆಗಿತ್ತು. ಈ ಪದವೂ ಆ ದಾರಿಯಲ್ಲಿಯೇ ಬಂದಿತು. 1290ರಲ್ಲಿ ಸ್ಪೇನಿನ ಹಡಗೊಂದು ಪೋರ್ಟ್ಸ್‌ಮತ್ ಬಂದರಿಗೆ ಬಂದಾಗ, ಕ್ಯಾಸ್ಟೀಲ್ ಮೂಲದವಳಾದ ರಾಣಿ ಎಲಿನಾರ್‌ಗಾಗಿ ಅದರಿಂದ 7 ಆರೆಂಜ್‌ಗಳನ್ನು ಕೊಂಡ ಲೆಕ್ಕ ದಾಖಲೆಯಲ್ಲಿದೆ. ಎಣಿಸಿ ಬರೆದಿಡುವಷ್ಟು ಅದು ದುರ್ಲಭವಾಗಿತ್ತು. 14ನೆಯ ಶತಮಾನದಿಂದ ಈ ಪದ ಇಂಗ್ಲಿಷ್ ಬರಹಗಳಲ್ಲಿ ಕಾಣತೊಡಗುತ್ತದೆ.

ಷೇಕ್ಸ್‌ಪಿಯರನ ಕಾಲಕ್ಕೆ ಸ್ಪೇನಿನ ಸೆವಿಲ್ ನಗರದ ಕಹಿ ಕಿತ್ತಳೆ ಲಂಡನ್ನಿಗರಿಗೆ ಪರಿಚಿತವಾಗಿತ್ತು. ‘ಮಚ್ ಅಡೂ ಅಬೌಟ್ ನಥಿಂಗ್’ ನಾಟಕದಲ್ಲಿ ಸಭ್ಯತೆಯನ್ನು ಸೂಚಿಸುವ ‘ಸಿವಿಲ್’ ಮತ್ತು ‘ಸೆವಿಲ್’ ಎಂಬೆರಡರ ಶ್ಲೇಷೆಯನ್ನು ಅವನು ಕಿತ್ತಳೆಯ ಮೇಲೆಯೇ ಕಟ್ಟಿದ್ದಾನೆ. 17ನೆಯ ಶತಮಾನದಲ್ಲಿ ಲಂಡನ್ನಿನ ನಾಟಕಶಾಲೆಗಳಲ್ಲಿ ಪ್ರೇಕ್ಷಕರಿಗೆ ಈ ಹಣ್ಣನ್ನು ಮಾರುವ ಹುಡುಗಿಯರಿರುತ್ತಿದ್ದರು. ಅವರಲ್ಲಿ ಒಬ್ಬಳಾಗಿದ್ದ ನೆಲ್ ಗ್ವಿನ್ ಮುಂದೆ ಪ್ರಸಿದ್ಧ ನಟಿಯೂ ಎರಡನೆಯ ಚಾರ್ಲ್ಸ್ ದೊರೆಯ ಪ್ರೇಯಸಿಯೂ ಆದಳು. ಚಳಿನಾಡುಗಳ ಶ್ರೀಮಂತರು ಈ ಗಿಡಗಳನ್ನು ಹಿಮದಿಂದ ಕಾಪಾಡಲು ಕಟ್ಟಿಸಿದ ಗಾಜಿನ ಕಿಟಕಿಗಳ ಭವನಕ್ಕೆ ‘ಆರೆಂಜರಿ’ ಎಂಬ ಹೆಸರು ಬಂದಿತು.

ಈ ಪದಕ್ಕೆ ಪೂರ್ಣ ಪ್ರಾಸವಾಗುವ ಸಾಮಾನ್ಯ ಪದ ಇಂಗ್ಲಿಷಿನಲ್ಲಿಲ್ಲವೆಂಬ ಮಾತು ಪ್ರಸಿದ್ಧವಾಗಿದೆ. ವೇಲ್ಸಿನಲ್ಲಿ ‘ಬ್ಲಾರೆಂಜ್’ ಎಂಬ ಬೆಟ್ಟವೊಂದಿದೆ. ಆದರೆ ಅದು ಅಂಕಿತನಾಮ.

ಬಣ್ಣದ ಹೆಸರಾಗಿ

ಹಣ್ಣಿಗೆ ಬಣ್ಣದಿಂದ ಹೆಸರು ಬಂದಿತೋ, ಬಣ್ಣಕ್ಕೆ ಹಣ್ಣಿನಿಂದ ಹೆಸರು ಬಂದಿತೋ ಎಂಬುದು ಸಾಮಾನ್ಯವಾದ ಪ್ರಶ್ನೆ. ಹಣ್ಣಿನ ಹೆಸರೇ ಹಳೆಯದು; ಬಣ್ಣಕ್ಕೆ ಅದನ್ನು ಬಳಸಿದ್ದು 16ನೆಯ ಶತಮಾನದ ಆರಂಭದಿಂದ ಈಚೆಗೆ. ಅದಕ್ಕೂ ಮೊದಲು ಇಂಗ್ಲಿಷರು ಈ ಬಣ್ಣವನ್ನು ಕಾಣುತ್ತಿರಲಿಲ್ಲವೆಂದಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ಹಳದಿ-ಕೆಂಪು’ ಎಂದು ಅರ್ಥಬರುವ ಸಮಾಸಪದವೊಂದಿತ್ತು. 14ನೆಯ ಶತಮಾನದ ಕವಿ ಚಾಸರ್ ತನ್ನ ಕಥೆಯೊಂದರಲ್ಲಿ ನರಿಯ ಮೈಬಣ್ಣವನ್ನು ಹೇಳಬೇಕಾದಾಗ ಹಳದಿ ಕೆಂಪುಗಳ ನಡುವಿನದೆಂದು ಸುತ್ತಿ ಹೇಳುತ್ತಾನೆ. ಒಂದೇ ಪದದಲ್ಲಿ ಹೇಳುವ ಅನುಕೂಲ ಅವನಿಗಿರಲಿಲ್ಲ. ಬಹುಪಾಲು ಸಂದರ್ಭಗಳಲ್ಲಿ ‘ಕೆಂಪು’ ಎಂಬುದೇ ಸಾಕಾಗುತ್ತಿತ್ತು. ಎದೆಯ ಮೇಲೆ ಕಿತ್ತಳೆ ಬಣ್ಣವುಳ್ಳ ರಾಬಿನ್ ಹಕ್ಕಿಯನ್ನು ಇಂದಿಗೂ ‘ರೆಡ್‌ಬ್ರೆಸ್ಟ್’ ಎನ್ನುವುದು, ಅಂಥದೇ ಬಣ್ಣದ ತಲೆಗೂದಲನ್ನು ಕೆಂಪು ಕೂದಲೆನ್ನುವುದು ಆ ಕಾಲದ ಉಳಿಕೆಗಳು.

ಬಣ್ಣದ ಸ್ಥಾನವನ್ನು ಗಟ್ಟಿಗೊಳಿಸಿದವರಲ್ಲಿ ಐಸಾಕ್ ನ್ಯೂಟನ್ ಪ್ರಮುಖನು. ಪಟ್ಟಕದಿಂದ ಒಡೆದ ಬೆಳಕಿನಲ್ಲಿ ಅವನು ಮೊದಲು ಕೆಂಪು, ಹಳದಿ, ಹಸಿರು, ನೀಲಿ, ನೇರಳೆ ಎಂಬ 5 ಮುಖ್ಯ ಬಣ್ಣಗಳನ್ನು ಹೆಸರಿಸಿದ್ದನು. ಅನಂತರ ಆರೆಂಜ್ ಮತ್ತು ಇಂಡಿಗೊಗಳನ್ನು ಸೇರಿಸಿ ಸಂಗೀತದ 7 ಸ್ವರಗಳಿಗೆ ಸರಿಹೊಂದಿಸಿದನು. ಅವನ ‘ಆಪ್ಟಿಕ್ಸ್’ ಗ್ರಂಥ 1704ರಲ್ಲಿ ಪ್ರಕಟವಾಯಿತು. ಶಾಲಾಮಕ್ಕಳು ಇಂದು ಕಾಮನಬಿಲ್ಲಿನಲ್ಲಿ 7 ಬಣ್ಣಗಳನ್ನು ಎಣಿಸುವುದಕ್ಕೆ ಕಣ್ಣಿಗಿಂತಲೂ ಈ ಹೊಂದಾಣಿಕೆಯೇ ಹೆಚ್ಚಿನ ಕಾರಣ. ಬ್ರೆಂಟ್ ಬರ್ಲಿನ್ ಮತ್ತು ಪಾಲ್ ಕೇ 1969ರಲ್ಲಿ ಪ್ರಕಟಿಸಿದ ವರ್ಣನಾಮಗಳ ಅಧ್ಯಯನವು ಇಂಗ್ಲಿಷಿನ 11 ಮೂಲ ವರ್ಣನಾಮಗಳಲ್ಲಿ ಆರೆಂಜನ್ನು ಎಣಿಸಿ, ಭಾಷೆಗಳಲ್ಲಿ ಕೊನೆಯ ಹಂತದಲ್ಲಿ ಮೂಡುವ ಹೆಸರುಗಳ ಗುಂಪಿನಲ್ಲಿ ಅದನ್ನು ಇರಿಸಿತು.

ಪಟ್ಟಣ ಮತ್ತು ರಾಜಮನೆತನ

ಫ್ರಾನ್ಸಿನ ಪ್ರೊವಾನ್ಸ್ ಪ್ರಾಂತದಲ್ಲಿರುವ ಆರೆಂಜ್ ಪಟ್ಟಣವನ್ನು ಫ್ರೆಂಚರು ‘ಒರಾಂಜ್’ ಎಂದು ಉಚ್ಚರಿಸುತ್ತಾರೆ. ರೋಮನ್ನರ ಕಾಲದಲ್ಲಿ ಅದರ ಹೆಸರು ‘ಅರೌಸಿಯೊ’. ಅದು ಸ್ಥಳೀಯ ಕೆಲ್ಟಿಕ್ ಜಲದೇವತೆಯ ಹೆಸರು. ಕ್ರಿ.ಪೂ. 105ರಲ್ಲಿ ಇದರ ಬಳಿ ಸಿಂಬ್ರಿ ಮತ್ತು ಟ್ಯೂಟನ್ ಪಂಗಡಗಳು ರೋಮನ್ ಸೇನೆಯನ್ನು ಧೂಳೀಪಟ ಮಾಡಿದ್ದವು. ಮುಂದೆ ಅಲ್ಲಿ ನೆಲೆನಿಂತ ರೋಮನ್ನರು ಕಟ್ಟಿದ ರಂಗಮಂದಿರ ಮತ್ತು ವಿಜಯದ್ವಾರ ಇಂದಿಗೂ ಉಳಿದಿದ್ದು, 1981ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿವೆ. ಅರೌಸಿಯೊ ಎಂಬ ಹೆಸರು ಜನರ ಬಾಯಲ್ಲಿ ಸವೆಯುತ್ತ ‘ಔರೆಂಜ’ದಂಥ ರೂಪಕ್ಕೆ ಬಂದು, ಕೊನೆಗೆ ಹಣ್ಣಿನ ಹೆಸರಿನೊಡನೆ ಒಂದಾಯಿತು. ಆದರೆ ಆ ಸಂಸ್ಥಾನದ ಲಾಂಛನದಲ್ಲಿದ್ದದ್ದು ಹಣ್ಣಲ್ಲ, ಬೇಟೆಯ ಕೊಂಬು.

1544ರಲ್ಲಿ ಈ ಪುಟ್ಟ ಸಂಸ್ಥಾನ ವಾರಸಿಕೆಯಿಂದ ನಾಸೌ ವಂಶದ 11 ವರ್ಷದ ಬಾಲಕ ವಿಲಿಯಮ್‌ನ ಪಾಲಿಗೆ ಬಂದಿತು. ಅವನೇ ಮುಂದೆ ಸ್ಪೇನಿನ ಆಳ್ವಿಕೆಯ ವಿರುದ್ಧ ಡಚ್ಚರ ಬಂಡಾಯದ ಮುಂದಾಳಾದ, ಮೌನಿ ವಿಲಿಯಮ್ ಎಂಬ ಹೆಸರಿನಿಂದ ಪ್ರಸಿದ್ಧನಾದ ನಾಯಕ. ಆರೆಂಜ್ ದೊರೆಯ ಕಡೆಯವರೆಂದು ತೋರಿಸಿಕೊಳ್ಳಲು ಬೆಂಬಲಿಗರಿಗೆ ಒಂದು ಗುರುತು ಬೇಕಿತ್ತು. ಹೆಸರೇ ಬಣ್ಣವನ್ನು ಒದಗಿಸಿತು. ಬಂಡಾಯಗಾರರ ಧ್ವಜ ಕಿತ್ತಳೆ, ಬಿಳಿ, ನೀಲಿ ಪಟ್ಟಿಗಳದಾಗಿತ್ತು. 17ನೆಯ ಶತಮಾನದಲ್ಲಿ ಕಿತ್ತಳೆಯ ಜಾಗಕ್ಕೆ ಕ್ರಮೇಣ ಕೆಂಪು ಬಂದಿತು. ಪಟ್ಟಣವಂತೂ 1713ರ ಯುಟ್ರೆಕ್ಟ್ ಒಪ್ಪಂದದಲ್ಲಿ ಫ್ರಾನ್ಸಿಗೆ ಸೇರಿಹೋಯಿತು. ಡಚ್ ರಾಜಮನೆತನದ ಬಳಿ ಉಳಿದದ್ದು ಬಿರುದು ಮಾತ್ರ. ಇಂದಿಗೂ ಏಪ್ರಿಲ್ 27ರ ರಾಜದಿನಾಚರಣೆಯಂದು ನೆದರ್ಲೆಂಡ್ಸಿನ ಬೀದಿಗಳು ಈ ಬಣ್ಣದಿಂದ ತುಂಬುತ್ತವೆ.

ಇದೇ ವಂಶದ ಮೂರನೆಯ ವಿಲಿಯಮ್ 1689ರಲ್ಲಿ ಇಂಗ್ಲೆಂಡಿನ ದೊರೆಯಾದನು. ಮರುವರ್ಷ ಐರ್ಲೆಂಡಿನ ಬಾಯ್ನ್ ನದಿಯ ದಂಡೆಯ ಕದನದಲ್ಲಿ ಪದಚ್ಯುತನಾದ ಕ್ಯಾಥೊಲಿಕ್ ದೊರೆ ಎರಡನೆಯ ಜೇಮ್ಸ್‌ನನ್ನು ಸೋಲಿಸಿದನು. ಅಲ್ಲಿಂದ ಈ ಪದ ಐರ್ಲೆಂಡಿನ ಪ್ರೊಟೆಸ್ಟೆಂಟರ ಗುರುತಾಯಿತು. 1795ರಲ್ಲಿ ಆರ್ಮಾ ಜಿಲ್ಲೆಯಲ್ಲಿ ಸ್ಥಾಪನೆಯಾದ ‘ಆರೆಂಜ್ ಆರ್ಡರ್’ ಸಂಘಟನೆಯ ಜುಲೈ ತಿಂಗಳ ಮೆರವಣಿಗೆಗಳು ಉತ್ತರ ಐರ್ಲೆಂಡಿನಲ್ಲಿ ಹಲವು ಬಾರಿ ಘರ್ಷಣೆಗೆ ಕಾರಣವಾಗಿವೆ. 1848ರಲ್ಲಿ ತಾಮಸ್ ಫ್ರಾನ್ಸಿಸ್ ಮಾರ್ ಮುಂದಿಟ್ಟ ಐರಿಷ್ ತ್ರಿವರ್ಣ ಧ್ವಜದಲ್ಲಿ ಹಸಿರು ಕ್ಯಾಥೊಲಿಕರನ್ನೂ ಕಿತ್ತಳೆ ಪ್ರೊಟೆಸ್ಟೆಂಟರನ್ನೂ ನಡುವಿನ ಬಿಳಿ ಅವರಿಬ್ಬರ ನಡುವಿನ ಶಾಂತಿಯನ್ನೂ ಸೂಚಿಸುತ್ತವೆ.

ಡಚ್ಚರು ಹೋದೆಡೆಯಲ್ಲೆಲ್ಲ ಈ ಹೆಸರೂ ಹೋಯಿತು. ದಕ್ಷಿಣ ಆಫ್ರಿಕದ ಆರೆಂಜ್ ನದಿಗೆ 1779ರಲ್ಲಿ ಈ ಹೆಸರಿಟ್ಟದ್ದು ನೀರಿನ ಬಣ್ಣದಿಂದಲ್ಲ, ರಾಜಮನೆತನದ ಗೌರವಾರ್ಥ. ಆ ನದಿಯಿಂದ ಆರೆಂಜ್ ಫ್ರೀ ಸ್ಟೇಟ್ ಎಂಬ ಬೋಯರ್ ಗಣರಾಜ್ಯಕ್ಕೆ (1854–1902) ಹೆಸರು ಬಂದಿತು. ಇಂದಿನ ನ್ಯೂಯಾರ್ಕ್ ನಗರ 1673–74ರಲ್ಲಿ ಕೆಲಕಾಲ ‘ನ್ಯೂ ಆರೆಂಜ್’ ಆಗಿತ್ತು.

ಸಂಬಂಧವಿಲ್ಲದ ಪದಗಳು ಮತ್ತು ತಪ್ಪು ಕಲ್ಪನೆಗಳು

ಒರಾಂಗುಟಾನ್ ಎಂಬ ವಾನರದ ಹೆಸರಿಗೆ ಅದರ ಕೆಂಗಿತ್ತಳೆ ಬಣ್ಣದ ರೋಮ ಕಾರಣವೆಂದು ಭಾವಿಸುವವರಿದ್ದಾರೆ. ಅದು ಮಲಯ್ ಭಾಷೆಯ ಪದ. ‘ಒರಾಂಗ್’ ಎಂದರೆ ಮನುಷ್ಯ, ‘ಹುತಾನ್’ ಎಂದರೆ ಕಾಡು. ಡಚ್ ರೈತರು ವಿಲಿಯಮ್‌ನ ಗೌರವಾರ್ಥ ಕಿತ್ತಳೆ ಬಣ್ಣದ ಗಜ್ಜರಿಯನ್ನು ಬೆಳೆಸಿದರೆಂಬ ಜನಪ್ರಿಯ ಕಥೆಗೆ ಆ ಕಾಲದ ದಾಖಲೆಗಳ ಬೆಂಬಲವಿಲ್ಲ. ಚಹದ ಪೊಟ್ಟಣಗಳ ಮೇಲೆ ಕಾಣುವ ‘ಆರೆಂಜ್ ಪೀಕೊ’ ಎಂಬುದು ಎಲೆಯ ದರ್ಜೆಯ ಹೆಸರು. ಅದರಲ್ಲಿ ಕಿತ್ತಳೆಯ ರುಚಿಯಾಗಲಿ ಸಿಪ್ಪೆಯಾಗಲಿ ಇರುವುದಿಲ್ಲ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕವು ಕಾಡುಗಳ ಮೇಲೆ ಸಿಂಪಡಿಸಿದ, ಡಯಾಕ್ಸಿನ್ ಎಂಬ ವಿಷವಸ್ತು ಬೆರೆತಿದ್ದ ಕಳೆನಾಶಕ ‘ಏಜೆಂಟ್ ಆರೆಂಜ್’ಗೆ ಆ ಹೆಸರು ಬಂದದ್ದು ಪೀಪಾಯಿಗಳ ಮೇಲೆ ಬಳಿದಿದ್ದ ಬಣ್ಣದ ಪಟ್ಟಿಯಿಂದ, ದ್ರವದ ಬಣ್ಣದಿಂದಲ್ಲ.

ಭಾರತದಲ್ಲಿ ಮತ್ತು ಕನ್ನಡದಲ್ಲಿ

ಭಾರತೀಯ ಇಂಗ್ಲಿಷಿನಲ್ಲಿ ಆರೆಂಜ್ ಎಂದರೆ ಬಹುಮಟ್ಟಿಗೆ ಸಿಪ್ಪೆ ಸಡಿಲವಾಗಿರುವ, ಕೈಯಿಂದಲೇ ಸುಲಿಯಬಹುದಾದ ಹಣ್ಣು. ನಾಗಪುರದ ಕಿತ್ತಳೆಯೂ, ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕೊಡಗಿನ ಕಿತ್ತಳೆಯೂ ಇಂಥವು. ಸಸ್ಯಶಾಸ್ತ್ರದ ಪ್ರಕಾರ ಇವು ಮ್ಯಾಂಡರಿನ್ ಗುಂಪಿನವು. ಬ್ರಿಟನ್ನಿನಲ್ಲಿ ಆರೆಂಜ್ ಎಂಬುದು ಸಿಪ್ಪೆ ಬಿಗಿಯಾದ ಸಿಹಿ ಕಿತ್ತಳೆ. ನಮ್ಮಲ್ಲಿ ರಸ ತೆಗೆಯಲು ಬಳಸುವ ಮೂಸಂಬಿಯನ್ನು ಭಾರತೀಯ ತೋಟಗಾರಿಕೆಯ ಬರಹಗಳು ಈ ಗುಂಪಿಗೆ ಸೇರಿಸುವುದುಂಟು. ನಿಘಂಟು ನೋಡಿ ಅನುವಾದಿಸುವವರು ಎಡವುವ ಸ್ಥಳವಿದು. ಮೂಸಂಬಿ ಎಂಬ ಹೆಸರಿಗೆ ಆಫ್ರಿಕದ ಮೊಜಾಂಬಿಕ್ ಮೂಲವೆಂಬುದು ಸಾಮಾನ್ಯವಾದ ವಿವರಣೆ.

ಕನ್ನಡದಲ್ಲಿ ‘ನಾರಂಗಿ’ ನಿಘಂಟುಗಳಲ್ಲಿದ್ದರೂ ಬಳಕೆಯಲ್ಲಿ ಗೆದ್ದದ್ದು ‘ಕಿತ್ತಳೆ’. ಇದು ‘ನಾರಂಗ’ಕ್ಕೆ ಸಂಬಂಧಿಸದ ಅಚ್ಚಗನ್ನಡ ಪದ. ‘ಈಳೆ’ ಎಂಬುದು ನಿಂಬೆ ಜಾತಿಯ ಹಣ್ಣಿನ ಹೆಸರು. ‘ಕಿರಿದು’ ಎಂಬುದು ಸ್ವರದ ಮುಂದೆ ‘ಕಿತ್ತ್’ ಆಗುವುದನ್ನು ಹಳಗನ್ನಡದ ‘ಕಿತ್ತಡಿ’, ‘ಕಿತ್ತೆಸಳ್’ ಮುಂತಾದ ಸಮಾಸಗಳಲ್ಲಿ ಕಾಣಬಹುದು. ಅದೇ ರೀತಿಯಲ್ಲಿ ಕಿರಿಯ ಈಳೆ ‘ಕಿತ್ತಿಳೆ’ಯಾಗಿ ‘ಕಿತ್ತಳೆ’ಯಾಯಿತೆಂದು ವಿವರಿಸಲಾಗುತ್ತದೆ. ಇದರ ಜೋಡಿಪದ ‘ಹೇರಳೆ’, ಅಂದರೆ ಹಿರಿಯ ಈಳೆ. ಹಳೆಯ ಮೈಸೂರು ಸೀಮೆಯಲ್ಲಿ ಚಿತ್ರಾನ್ನಕ್ಕೂ ಉಪ್ಪಿನಕಾಯಿಗೂ ಹಿಂಡುವ ಹೇರಳೆಕಾಯಿ ಇದೇ.

ಬಣ್ಣಕ್ಕೆ ಕನ್ನಡದಲ್ಲಿ ಕೇಸರಿ, ಕಾವಿ, ಕಿತ್ತಳೆ ಎಂಬ ಪದಗಳಿದ್ದು, ಮೂರೂ ವಸ್ತುಗಳಿಂದಲೇ ಬಂದಿವೆ: ಹೂವು, ಮಣ್ಣು, ಹಣ್ಣು. ಅವು ಒಂದರ ಬದಲಿಗೆ ಇನ್ನೊಂದು ಸಲ್ಲುವಂಥವಲ್ಲ. ರಾಷ್ಟ್ರಧ್ವಜದ ಮೇಲಿನ ಪಟ್ಟಿ ಕೇಸರಿ; ಸಂನ್ಯಾಸಿಯ ಬಟ್ಟೆ ಕಾವಿ. ಹವಾಮಾನ ಇಲಾಖೆಯು ಮಳೆಯ ಮುನ್ನೆಚ್ಚರಿಕೆಗೆ ಹಸಿರು, ಹಳದಿ, ಕಿತ್ತಳೆ, ಕೆಂಪು ಬಣ್ಣಗಳನ್ನು ಬಳಸುತ್ತದೆ. ಮಳೆಗಾಲದಲ್ಲಿ ಕರಾವಳಿ ಮತ್ತು ಮಲೆನಾಡಿನ ಜನರು ಇದನ್ನು ‘ಆರೆಂಜ್ ಅಲರ್ಟ್’ ಎಂದೇ ಕೇಳುತ್ತಾರೆ. ಇಂಗ್ಲಿಷ್ ಪದ ಕನ್ನಡದ ದಿನಬಳಕೆಗೆ ಬಂದಿರುವ ಮುಖ್ಯ ದಾರಿಗಳಲ್ಲಿ ಇದೂ ಒಂದು.

ಕರ್ನಾಟಕದಲ್ಲಿ ಈ ಪದದೊಡನೆ ಸೇರಿಕೊಂಡಿರುವ ಇನ್ನೊಂದು ಪ್ರಸಂಗವಿದೆ. ಮಂಗಳೂರಿನಲ್ಲಿ ಬುಟ್ಟಿಯಲ್ಲಿ ಕಿತ್ತಳೆಹಣ್ಣು ಮಾರುತ್ತಿದ್ದ ಹರೇಕಳ ಹಾಜಬ್ಬ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ವಿದೇಶಿ ಪ್ರವಾಸಿಗರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದಾಗ ಅವರಿಗೆ ಅರ್ಥವಾಗಲಿಲ್ಲ, ಪ್ರವಾಸಿಗರು ಮುಂದೆ ನಡೆದರು. ತಮ್ಮ ಊರಿನ ಮಕ್ಕಳಿಗೆ ಈ ಗತಿ ಬರಬಾರದೆಂದು ಅವರು ಹಣ್ಣು ಮಾರಿದ ಹಣವನ್ನು ಕೂಡಿಟ್ಟು, ದಾನಿಗಳ ಮತ್ತು ಸರ್ಕಾರದ ನೆರವಿನೊಡನೆ ಹರೇಕಳದ ನ್ಯೂಪಡ್ಪುವಿನಲ್ಲಿ ಶಾಲೆಯೊಂದನ್ನು ಕಟ್ಟಿಸಿದರು. 2020ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಘೋಷಣೆಯಾಯಿತು.